ಎಡಗೈಯ ಎರಡನೇ ಪೆಟ್ಟು: ಒಬ್ಬ ಮೆಕ್ಯಾನಿಕ್ ಡ್ರಮ್ಸ್ ಕಲಿತ ಮೊದಲ ಆರು ತಿಂಗಳು

ನನ್ನ ಸ್ಕೂಟರ್ ನೋಡಿಕೊಳ್ಳುವ ಮೆಕ್ಯಾನಿಕ್‌ಗೆ 34 ವರ್ಷ. ಮೈಸೂರಿನಲ್ಲಿ ಅವರದೊಂದು ಚಿಕ್ಕ ಗ್ಯಾರೇಜ್ ಇದೆ. ಹದಿನಾರನೇ ವಯಸ್ಸಿಗೆ ಸ್ಪ್ಯಾನರ್ ಹಿಡಿದವರು. ಹೋದ ವರ್ಷ ಗಣೇಶನ ಹಬ್ಬ ಮುಗಿದ ವಾರ, ಸರ್ವಿಸ್‌ಗೆ ಬಿಟ್ಟಿದ್ದ ಗಾಡಿ ತರಲು ಹೋಗಿದ್ದೆ. ಚಿಲ್ಲರೆ ಎಣಿಸುತ್ತಾ ಕೇಳಿದರು: "ಸಾರ್, ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಬಾರಿಸ್ತಾರಲ್ಲ, ಅದನ್ನ ಈ ವಯಸ್ಸಲ್ಲಿ ಕಲಿಯೋಕೆ ಆಗುತ್ತಾ?"

ಆಗುತ್ತೆ ಅಂದೆ. ಆ ಭಾನುವಾರವೇ ಬಂದರು.

ನಾನು ಇಪ್ಪತ್ತು ವರ್ಷದಿಂದ ಡ್ರಮ್ಸ್ ಹೇಳಿಕೊಡುತ್ತಿದ್ದೇನೆ. ಅವರ ಕಲಿಕೆಯ ಮೊದಲ ಆರು ತಿಂಗಳನ್ನು, ಅವರ ಒಪ್ಪಿಗೆ ಕೇಳಿಯೇ, ಇಲ್ಲಿ ಬರೆಯುತ್ತಿದ್ದೇನೆ. ಅವರಿಗೆ ಬಂದ ತೊಂದರೆ ಹೊಸದಾಗಿ ಕೋಲು ಹಿಡಿಯುವ ಬಹಳ ಜನರಿಗೆ ಬರುತ್ತದೆ. ಅದಕ್ಕೆ ನಾನು ಮೊದಲು ಕೊಟ್ಟ ಮದ್ದು ತಪ್ಪಾಗಿತ್ತು. ಬೇರೆ ಮೇಷ್ಟ್ರುಗಳೂ ಅದೇ ಮದ್ದು ಕೊಡುವುದನ್ನು ನೋಡಿದ್ದೇನೆ. ಅದಕ್ಕೇ ಇದು ಕಾಗದದ ಮೇಲೆ ಇರಲಿ ಅನಿಸಿತು.

ಮೊದಲ ಭಾನುವಾರ

ಬಂದವರಿಗೆ ಒಂದು ಜೊತೆ 5ಎ ಕೋಲು ಕೊಟ್ಟೆ. ಹಿಕರಿ ಮರದ್ದು, ಸುಮಾರು 16 ಇಂಚು ಉದ್ದ. ತೀರಾ ದಪ್ಪವೂ ಅಲ್ಲ, ತೆಳುವೂ ಅಲ್ಲ. ಹೊಸಬರಿಗೆ ನಾನು ಕೊಡುವುದು ಇದನ್ನೇ. ಎರಡೂ ಕೈಯಲ್ಲಿ ಒಂದೇ ಥರ ಹಿಡಿಯಲು ಹೇಳಿದೆ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಕೋಲು, ಉಳಿದ ಮೂರು ಬೆರಳು ಸುಮ್ನೆ ಜೊತೆಗೆ. ಅಂಗೈ ನೆಲದ ಕಡೆ.

ಎದುರಿಗೆ ಇಡೀ ಸೆಟ್ ಇದ್ದರೂ ನಾನು ಸ್ನೇರ್ ಡ್ರಮ್ (ಅಡಿಯಲ್ಲಿ ತಂತಿ ಕಟ್ಟಿರುವ ಚಿಕ್ಕ ಡ್ರಮ್) ಒಂದನ್ನೇ ತೋರಿಸಿದ್ದು ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ. ಆಗ ರೂಡಿಮೆಂಟ್ ಅಂದರೆ ಏನು ಅಂತ ಹೇಳಿದೆ. ಕೈಗಳಿಗೆ ಇರುವ ಕಾಗುಣಿತ ಅದು. ಯಾವ ಕೈ, ಎಷ್ಟು ಪೆಟ್ಟು, ಯಾವ ಸಾಲಿನಲ್ಲಿ ಅಂತ ಹೇಳುವ ಸಣ್ಣ ಸಣ್ಣ ಪಾಠಗಳು. ಇವು ಹುಟ್ಟಿದ್ದು ಸೈನ್ಯದಲ್ಲಿ. ಯುರೋಪಿನಲ್ಲಿ, ಆಮೇಲೆ ಅಮೆರಿಕದಲ್ಲಿ, ಕಾಲಾಳುಗಳಿಗೆ ಎದ್ದೇಳಿ, ನಡೆಯಿರಿ, ಊಟಕ್ಕೆ ಬನ್ನಿ ಅಂತ ಹೇಳುತ್ತಿದ್ದದ್ದು ಡ್ರಮ್ಮೇ. ಎಲ್ಲರೂ ಒಂದೇ ಥರ ಬಾರಿಸದಿದ್ದರೆ ಅರ್ಥ ಆಗುತ್ತಿರಲಿಲ್ಲ. 1933ರಲ್ಲಿ ಅಮೆರಿಕದ ಡ್ರಮ್ಮರ್‌ಗಳು ಸಂಘ ಕಟ್ಟಿಕೊಂಡು 13 ಪಾಠಗಳನ್ನು ಅತ್ಯಗತ್ಯ ಅಂತ ಗುರುತಿಸಿದರು. ಆಮೇಲೆ ಇನ್ನೂ 13 ಸೇರಿ 26 ಆಯಿತು. 1984ರಲ್ಲಿ ಪರ್ಕಸಿವ್ ಆರ್ಟ್ಸ್ ಸೊಸೈಟಿ ಅನ್ನುವ ತಾಳವಾದ್ಯಗಾರರ ಸಂಘ ಅದನ್ನು 40ಕ್ಕೆ ಏರಿಸಿತು. ಇವತ್ತು ಬಹಳ ಕಡೆ ಕಲಿಸುವುದು ಆ ಪಟ್ಟಿಯನ್ನೇ.

"ದಸರಾದಲ್ಲಿ ಪೊಲೀಸ್ ಬ್ಯಾಂಡ್‌ನೋರು ಸೊಂಟಕ್ಕೆ ಕಟ್ಕೊಂಡು ಬಾರಿಸ್ತಾರಲ್ಲ, ಅದೇನಾ ಸಾರ್?" ಅಂದರು. ಅದೇ. ಅದರ ಮೊಮ್ಮಗನೇ ಈ ಸ್ನೇರ್.

40 ಅಂತ ಕೇಳಿ ಯಾರೂ ಹೆದರಬೇಕಾಗಿಲ್ಲ. ಸಿಂಗಲ್ ಸ್ಟ್ರೋಕ್: ಬಲ, ಎಡ, ಬಲ, ಎಡ. ಡಬಲ್ ಸ್ಟ್ರೋಕ್: ಬಲ ಬಲ, ಎಡ ಎಡ. ಇವೆರಡು ಸೇರಿದರೆ ಪ್ಯಾರಾಡಿಡಲ್. ಒಂದು ಪೆಟ್ಟಿಗೆ ಇನ್ನೊಂದು ಚಿಕ್ಕ ಪೆಟ್ಟು ಅಂಟಿಸಿದರೆ ಫ್ಲ್ಯಾಮ್. ಮೊದಲ ವರ್ಷಕ್ಕೆ ಈ ನಾಲ್ಕೇ ಸಾಕು ಅನ್ನುವುದು ನನ್ನ ಅನುಭವ. ಉಳಿದವು ಹೆಚ್ಚುಕಡಿಮೆ ಇವುಗಳ ಮಕ್ಕಳು.

ಅವತ್ತು ಹೊರಡುವಾಗ ಮನೆಯಲ್ಲಿ ಯಾವುದರ ಮೇಲೆ ಬಾರಿಸಲಿ ಅಂತ ಕೇಳಿದರು. "ಅಭ್ಯಾಸಕ್ಕೆ ಬಳಸೋ ರಬ್ಬರ್ ಪ್ಯಾಡ್ ಆಮೇಲೆ ತಗೊಂಡರಾಯ್ತು, ಸದ್ಯಕ್ಕೆ ಮೆತ್ತಗಿರೋ ಯಾವುದಾದರೂ ಒಂದರ ಮೇಲೆ ಬಾರಿಸಿ" ಅಂದೆ. ಎರಡೂವರೆ ತಿಂಗಳ ಕಷ್ಟಕ್ಕೆ ಈ ಒಂದು ಮಾತು ಸಾಕಾಯಿತು.

ಸಿಂಗಲ್ ಬಂತು, ಡಬಲ್ ಬರಲಿಲ್ಲ

ಮೊದಲ ಐದು ವಾರ ಸುಸೂತ್ರ. ಟಿಕ್ ಟಿಕ್ ಅಂತ ಕಾಲ ಎಣಿಸುವ ಮೆಟ್ರೊನೋಮ್ ಅನ್ನು 60ಕ್ಕೆ, ಅಂದರೆ ನಿಮಿಷಕ್ಕೆ 60 ಬೀಟ್‌ಗೆ ಇಟ್ಟು, ಪ್ರತಿ ಬೀಟ್‌ಗೆ ನಾಲ್ಕು ಪೆಟ್ಟು. ಅಂದರೆ ಸೆಕೆಂಡಿಗೆ ನಾಲ್ಕು. ಸಿಂಗಲ್ ಸ್ಟ್ರೋಕ್ ಚೆನ್ನಾಗೇ ಬಂತು. ಪಾಠದ ಕೊನೆಯ ಹತ್ತು ನಿಮಿಷ ಸೆಟ್ ಮೇಲೆ ಕೂರಿಸಿ ಒಂದು ಸರಳ ಬೀಟ್ ಬಾರಿಸಲು ಬಿಡುತ್ತಿದ್ದೆ. ದೊಡ್ಡವರಿಗೆ ಹೇಳಿಕೊಡುವಾಗ ಇದು ಬೇಕೇ ಬೇಕು. ದಿನವೆಲ್ಲ ದುಡಿದು ಬಂದವರಿಗೆ ಬರೀ ಬಲ-ಎಡ ಬಲ-ಎಡ ಕೊಟ್ಟರೆ ಮೂರನೇ ವಾರಕ್ಕೆ ಬರುವುದು ನಿಲ್ಲಿಸುತ್ತಾರೆ.

ಆರನೇ ವಾರ ಡಬಲ್ ಸ್ಟ್ರೋಕ್ ಶುರು ಮಾಡಿದೆವು. ಬಲಗೈ ಒಂಥರಾ ಪರವಾಗಿಲ್ಲ. ಎಡಗೈಯಲ್ಲಿ ಮೊದಲ ಪೆಟ್ಟು ಜೋರು, ಎರಡನೆಯದು ಕೇಳಿಸುವುದೇ ಇಲ್ಲ. ಕೇಳಿಸಿದರೂ ತಡವಾಗಿ. ಮೆಟ್ರೊನೋಮ್ 66 ದಾಟಿದರೆ ಇಡೀ ಸಾಲು ಕುಂಟುತ್ತಿತ್ತು.

ನಾನು ಎಲ್ಲರೂ ಹೇಳುವುದನ್ನೇ ಹೇಳಿದೆ: ಎಡಗೈಗೆ ಶಕ್ತಿ ಸಾಲದು. ದಿನಾ ಎಡಗೈಯಲ್ಲಿ ಮಾತ್ರ ನೂರು ಪೆಟ್ಟು ಹೆಚ್ಚಿಗೆ ಬಾರಿಸಲು, ಅದಕ್ಕೆ ದಪ್ಪನೆಯ ಕೋಲು ಬಳಸಲು ಹೇಳಿದೆ. ಮನುಷ್ಯ ಮಾತು ಕೇಳುವವರು. ಮೂರು ವಾರ ಒಂದು ದಿನವೂ ಬಿಡದೆ ಮಾಡಿದರು. ಒಂಬತ್ತನೇ ವಾರದ ಕೊನೆಗೆ 66 ಇದ್ದದ್ದು 60ಕ್ಕೆ ಇಳಿದಿತ್ತು. ಎಡ ಮುಂಗೈ ಮೊಣಕೈವರೆಗೂ ನೋಯುತ್ತಿತ್ತು. ರಾತ್ರಿ ಬಿಸಿನೀರಿನ ಶಾಖ ಕೊಡುತ್ತಿದ್ದೇನೆ ಅಂದರು.

ನಾನು ಆಗ ನಿಲ್ಲಿಸಿ ಯೋಚನೆ ಮಾಡಬೇಕಿತ್ತು, ಮಾಡಲಿಲ್ಲ ಅನ್ನುವುದು ಇವತ್ತಿಗೂ ಬೇಸರ. ಈ ಮನುಷ್ಯ ಬರಿಗೈಯಲ್ಲಿ ತುಕ್ಕು ಹಿಡಿದ ನಟ್ ಬಿಚ್ಚುತ್ತಾರೆ. ಅವರ ಕೈಗೆ ಶಕ್ತಿ ಸಾಲದು ಅಂದದ್ದು ಹೇಗೆ ಸರಿಯಾದೀತು? ನೋವು ಬಂದರೆ ಅಭ್ಯಾಸ ನಿಲ್ಲಿಸಬೇಕು. ಡ್ರಮ್ ಕೋಲಿನಿಂದ ಮುಂಗೈ ನೋಯುತ್ತಿದೆ ಅಂದರೆ ಏನೋ ತಪ್ಪಾಗುತ್ತಿದೆ ಅಂತಲೇ ಅರ್ಥ.

ಗ್ಯಾರೇಜಿನಲ್ಲಿ ಕಂಡದ್ದು

ಹತ್ತನೇ ವಾರ ನಾನೇ ಗ್ಯಾರೇಜಿಗೆ ಹೋದೆ. ಬೆಳಗ್ಗೆ ಶಟರ್ ಎತ್ತುವ ಮುಂಚೆ ಹದಿನೈದು ನಿಮಿಷ, ಮಧ್ಯಾಹ್ನ ಊಟ ಆದಮೇಲೆ ಹದಿನೈದು ನಿಮಿಷ ಅಲ್ಲೇ ಅಭ್ಯಾಸ ಮಾಡುತ್ತಿದ್ದರು. ಹೇಗೆ ಮಾಡುತ್ತೀರಿ ತೋರಿಸಿ ಅಂದೆ. ಮೂಲೆಯಿಂದ ಒಂದು ಹಳೇ ಸ್ಕೂಟರ್ ಸೀಟು ತಂದು ತೊಡೆ ಮೇಲೆ ಇಟ್ಟುಕೊಂಡರು. ರೆಕ್ಸಿನ್ ಹರಿದು ಒಳಗಿನ ಸ್ಪಂಜು ಕಾಣುತ್ತಿತ್ತು.

ಮೆತ್ತಗಿರೋದು ಅಂದಿದ್ದೆನಲ್ಲ, ಮೆತ್ತಗಿರೋದನ್ನೇ ಹುಡುಕಿದ್ದರು.

ಡ್ರಮ್ಮಿನ ಚರ್ಮ ಬಿಗಿಯಾಗಿರುತ್ತದೆ. ಕೋಲು ಬಿದ್ದರೆ ಅದೇ ಮೇಲಕ್ಕೆ ಕಳಿಸುತ್ತದೆ. ಕೈ ಕೆಲಸ ಬೀಳಿಸುವುದು, ಏಳುವುದನ್ನು ಕೋಲು ತಾನೇ ನೋಡಿಕೊಳ್ಳುತ್ತದೆ. ಸ್ಪಂಜು ಹಾಗಲ್ಲ, ಬಿದ್ದ ಕೋಲನ್ನು ನುಂಗಿಬಿಡುತ್ತದೆ. ಪ್ರತಿ ಪೆಟ್ಟು ಆದಮೇಲೂ ಕೋಲನ್ನು ಕೈಯೇ ಎಳೆದು ಎತ್ತಬೇಕು. ಎಳೆಯಬೇಕಾದರೆ ಬಿಗಿಯಾಗಿ ಹಿಡಿಯಬೇಕು. ದಿನಕ್ಕೆ ಅರ್ಧ ಗಂಟೆ, ಹತ್ತು ವಾರ, ಅವರು ಅಭ್ಯಾಸ ಮಾಡಿದ್ದು ಬಿಗಿಯಾಗಿ ಹಿಡಿಯುವುದನ್ನೇ.

ಅವರು ಕೆಲಸ ಮಾಡುವುದನ್ನು ಸ್ವಲ್ಪ ಹೊತ್ತು ನೋಡುತ್ತಾ ಕೂತೆ. ಒಂದು ಬೈಕಿನ ಹಿಂದಿನ ಚಕ್ರ ಬಿಚ್ಚುತ್ತಿದ್ದರು. ಬಲಗೈಯ ಸ್ಪ್ಯಾನರ್ ತಿರುಗುತ್ತದೆ. ಎಡಗೈಯದು ಆ ಕಡೆಯ ಬೋಲ್ಟ್ ತಿರುಗದ ಹಾಗೆ ಅಲುಗದೆ ಹಿಡಿದುಕೊಂಡಿರುತ್ತದೆ. ಆಗ ನನಗೆ ಹೊಳೆಯಿತು. ಈ ಎಡಗೈಗೆ 18 ವರ್ಷದಿಂದ ಕಲಿಸಿರುವುದು ಒಂದೇ ಪಾಠ: ಹಿಡಿದುಕೊ, ಅಲ್ಲಾಡಬೇಡ. ಅದರ ಮೇಲೆ ಸ್ಪಂಜು, ಅದರ ಮೇಲೆ ನಾನು ಕೊಟ್ಟ ದಪ್ಪ ಕೋಲು.

ಅಂಗೈ ತೋರಿಸಿ ಅಂದೆ. ಬಲಗೈಯಲ್ಲಿ ಕೋಲಿನ ಗುರುತು ತೋರುಬೆರಳ ಮೊದಲ ಗೆಣ್ಣಿನ ಹತ್ತಿರ ಇತ್ತು. ಹೊಸಬರಿಗೆ ಅಲ್ಲೊಂದು ಸಣ್ಣ ಬೊಬ್ಬೆ ಬರುವುದು ಸಾಮಾನ್ಯ. ಎಡಗೈಯಲ್ಲಿ ಕಿರುಬೆರಳು, ಉಂಗುರದ ಬೆರಳ ಬುಡದಲ್ಲಿ ಕೆಂಪಗೆ ಎರಡು ಹೊಸ ಬೊಬ್ಬೆ. ಸ್ಪ್ಯಾನರಿನ ಹಳೇ ಜಡ್ಡಿನ ಪಕ್ಕದಲ್ಲೇ. ಕೋಲನ್ನು ಮುಷ್ಟಿಯಲ್ಲಿ ಹಿಡಿದವರಿಗೆ ಮಾತ್ರ ಅಲ್ಲಿ ಬೊಬ್ಬೆ ಏಳುವುದು.

ನಾನು ಈಗ ಪ್ರತಿ ಹೊಸ ವಿದ್ಯಾರ್ಥಿಯ ಅಂಗೈಯನ್ನು ಎರಡು ವಾರಕ್ಕೊಮ್ಮೆ ನೋಡುತ್ತೇನೆ. ಬಾರಿಸುವಾಗ ಕಣ್ಣಿಗೆ ತಪ್ಪುವುದು ಅಂಗೈಯಲ್ಲಿ ಬರೆದಿರುತ್ತದೆ.

ಕೋಲು ಬಿಡುವ ಪರೀಕ್ಷೆ

ಅಲ್ಲೇ ಒಂದು ಪರೀಕ್ಷೆ ಮಾಡಿದೆವು. ಇದನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದು. ಕೋಲನ್ನು ಹಿಂತುದಿಯಿಂದ ಸುಮಾರು ಮೂರನೇ ಒಂದು ಭಾಗದ ಹತ್ತಿರ, ಹೆಬ್ಬೆರಳು ಮತ್ತು ತೋರುಬೆರಳಲ್ಲಿ ಮಾತ್ರ ಹಿಡಿಯಿರಿ. ಬೀಳದಷ್ಟು ಹಿಡಿದರೆ ಸಾಕು. ಮುಂತುದಿಯನ್ನು ಒಂದು ಗೇಣು ಎತ್ತಿ ಬಿಟ್ಟುಬಿಡಿ. ಎಷ್ಟು ಸಲ ಪುಟಿಯುತ್ತದೆ ಎಣಿಸಿ.

ಸೀಟಿನ ಮೇಲೆ ಬಿಟ್ಟರು: ಒಂದೇ ಪೆಟ್ಟು, ಅಲ್ಲೇ ಮಲಗಿತು. ನಾನು ಚೀಲದಲ್ಲಿ ತಂದಿದ್ದ ರಬ್ಬರ್ ಪ್ಯಾಡ್ ಮೇಲೆ ಬಿಟ್ಟರು: ಟಕ್, ಟಕ್, ಟಕ್ ಅಂತ ಏಳು ಸಲ, ಕೊನೆಗೆ ಬುರ್ ಅಂತ ಸಣ್ಣಗಾಗುತ್ತಾ ನಿಂತಿತು. ಈಗ ಅದೇ ಪ್ಯಾಡ್ ಮೇಲೆ, ನೀವು ದಿನಾ ಹಿಡಿಯುವ ಹಾಗೆ ಎಡಗೈಯಲ್ಲಿ ಹಿಡಿದು ಬಿಡಿ ಅಂದೆ. ಎರಡು ಸಲ, ಅಷ್ಟೇ.

ಅವರು ಕೋಲು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಎಂಜಿನ್‌ನಲ್ಲಿ ವಾಲ್ವ್ ಒತ್ತೋ ಟ್ಯಾಪೆಟ್‌ಗೆ ಗ್ಯಾಪ್ ಬಿಡ್ತೀವಲ್ಲ ಸಾರ್. ಗ್ಯಾಪ್ ಇಲ್ಲದಿದ್ರೆ ವಾಲ್ವ್ ಪೂರ್ತಿ ಮುಚ್ಚೋದೇ ಇಲ್ಲ, ಕಂಪ್ರೆಷನ್ ಹೋಗುತ್ತೆ. ಹಂಗೇನಾ ಇದು?"

ಹಂಗೇ. ಇಪ್ಪತ್ತು ವರ್ಷದಲ್ಲಿ ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದರು. ಆಮೇಲೆ ನಾವಿಬ್ಬರೂ ಆಡಿದ್ದು ಇದೇ ಭಾಷೆ. ಕೈ ಬಿಗಿಯಾದಾಗೆಲ್ಲ ನಾನು "ಗ್ಯಾಪ್" ಅಂತ ಒಂದು ಮಾತು ಹೇಳಿದರೆ ಸಾಕು.

ಡಬಲ್ ಸ್ಟ್ರೋಕಿನ ಗುಟ್ಟು ಇರುವುದು ಇಲ್ಲೇ. ನಿಧಾನವಾಗಿ ಬಾರಿಸುವಾಗ ಎರಡೂ ಪೆಟ್ಟನ್ನು ಮಣಿಕಟ್ಟು ಬಾರಿಸಬಹುದು. ವೇಗ ಹೆಚ್ಚಿದಂತೆ ಎರಡನೇ ಪೆಟ್ಟಿಗೆ ಮಣಿಕಟ್ಟನ್ನು ಮತ್ತೆ ಎತ್ತಿ ಇಳಿಸಲು ಸಮಯ ಇರುವುದಿಲ್ಲ. ಮೊದಲ ಪೆಟ್ಟಿನಿಂದ ಪುಟಿದ ಕೋಲನ್ನು ಹಿಂದಿನ ಬೆರಳುಗಳು ಮೆಲ್ಲಗೆ ಒಳಕ್ಕೆ ತಳ್ಳಿ ಎರಡನೇ ಪೆಟ್ಟು ಮಾಡಬೇಕು. ಕೋಲು ಪುಟಿಯದಿದ್ದರೆ ತಳ್ಳಲು ಏನೂ ಇಲ್ಲ. ಅವರ ಎಡಗೈಯಲ್ಲಿ ಎರಡನೇ ಪೆಟ್ಟು ಕಾಣೆಯಾಗಿದ್ದು ಹೀಗೆ.

ನಮ್ಮ ತಮಟೆಯವರನ್ನು ಗಮನಿಸಿ ನೋಡಿ. ಬಲಗೈಯಲ್ಲಿ ದಪ್ಪನೆಯ ಗಿಡ್ಡ ಕೋಲು, ಎಡಗೈಯಲ್ಲಿ ತೆಳ್ಳನೆಯ ಉದ್ದನೆಯ ಕಡ್ಡಿ. ಆ ಕಡ್ಡಿಯನ್ನು ಅವರು ಎಷ್ಟು ಹಗುರವಾಗಿ ಹಿಡಿದಿರುತ್ತಾರೆ! ಯಾರೂ ಅವರಿಗೆ ಪುಸ್ತಕ ಇಟ್ಟು ಹೇಳಿಕೊಟ್ಟಿಲ್ಲ. ಈ ಮಾತು ಹೇಳಿದಾಗ ನಮ್ಮ ಮೆಕ್ಯಾನಿಕ್, ಊರ ಹಬ್ಬದಲ್ಲಿ ಅದನ್ನೇ ನೋಡಿಕೊಂಡು ಬೆಳೆದೆ, ಎಡಗೈ ಕಡೆ ಕಣ್ಣೇ ಹೋಗಿರಲಿಲ್ಲ ಅಂದರು.

ಹೊಸ ಲೆಕ್ಕ

ಪ್ಯಾಡ್ ಕೊಳ್ಳುವ ಮಾತೇ ಬರಲಿಲ್ಲ. ಮುಂದಿನ ಭಾನುವಾರ ಬರುವಾಗ ಅವರೇ ಒಂದು ಮಾಡಿಕೊಂಡು ಬಂದಿದ್ದರು. ಹತ್ತಿಂಚು ಅಗಲದ ಪ್ಲೈವುಡ್ ತುಂಡು. ಅದರ ಮೇಲೆ ಲಾರಿಯ ಹಳೇ ಮಡ್‌ಫ್ಲಾಪಿನಿಂದ ಕತ್ತರಿಸಿದ ರಬ್ಬರ್, ಪಂಕ್ಚರ್ ಸಲ್ಯೂಷನ್ ಹಾಕಿ ಅಂಟಿಸಿದ್ದು. ಜಾರದಿರಲಿ ಅಂತ ಅಡಿಗೆ ಟ್ಯೂಬಿನ ತುಂಡು. ಕೋಲು ಬಿಟ್ಟು ನೋಡಿದೆ, ಆರು ಸಲ ಪುಟಿಯಿತು. ಅಂಗಡಿಯ ಪ್ಯಾಡಿಗೆ ಇದು ಏನೂ ಕಡಿಮೆ ಇಲ್ಲ.

ಡಬಲ್ ಸ್ಟ್ರೋಕನ್ನು ಎರಡು ವಾರ ಪೂರ್ತಿ ನಿಲ್ಲಿಸಿದೆ. ಬರೀ ಒಂದೊಂದು ಪೆಟ್ಟು. ಮೇಲಿನಿಂದ ಎಸೆದ ಹಾಗೆ ಬಿಡುವುದು, ಬಿಟ್ಟ ಎತ್ತರಕ್ಕೇ ಕೋಲು ತಾನಾಗಿ ವಾಪಸ್ ಬರಬೇಕು. ಬಂದರೆ ಸರಿ, ಅರ್ಧಕ್ಕೆ ನಿಂತರೆ ಎಲ್ಲೋ ಹಿಡಿದಿದ್ದೀರಿ ಅಂತ ಅರ್ಥ. ಮೆಟ್ರೊನೋಮ್ 50. ನೋಡುವವರಿಗೆ ಇದೇನು ಅಭ್ಯಾಸ ಅನಿಸಬಹುದು. ಆದರೆ ಎಡ ಮುಂಗೈಯ ನೋವು ಐದನೇ ದಿನಕ್ಕೆ ಹೋಯಿತು, ಮತ್ತೆ ಬರಲಿಲ್ಲ.

ಹದಿಮೂರನೇ ವಾರ ಡಬಲ್ ಮತ್ತೆ ಶುರು. ಈ ಸಲ ಒತ್ತು ಎರಡನೇ ಪೆಟ್ಟಿನ ಮೇಲೆ: ಬಲ-ಬಲ, ಎಡ-ಎಡ. ಮೊದಲನೆಯದು ಹೇಗೂ ಬೀಳುತ್ತದೆ. ಕಾಣೆಯಾಗುವವನನ್ನು ಜೋರಾಗಿ ಕೂಗಿ ಕರೆಯಬೇಕು. ದಪ್ಪ ಕೋಲು ವಾಪಸ್ ತಗೊಂಡೆ.

ಇನ್ನೊಂದು ಕೆಲಸ ಮಾಡಿಸಿದೆ. ದಿನಾ ಒಂದು ನಿಮಿಷ ಬಾರಿಸಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಆಮೇಲೆ ಕಣ್ಣು ಮುಚ್ಚಿ ಕೇಳುವುದು. ಬಾರಿಸುವಾಗ ಕೈ ಏನು ಮಾಡಬೇಕು ಅಂದುಕೊಂಡಿರುತ್ತದೋ ಅದೇ ಕಿವಿಗೆ ಕೇಳಿಸುತ್ತದೆ. ರೆಕಾರ್ಡಿಂಗ್ ಸುಳ್ಳು ಹೇಳುವುದಿಲ್ಲ. ಈ ವಿಷಯದಲ್ಲಿ ಅವರು ನನ್ನ ಯಾವ ವಿದ್ಯಾರ್ಥಿಗಿಂತಲೂ ಮುಂದಿದ್ದರು. ಗಾಡಿ ಸ್ಟಾರ್ಟ್ ಮಾಡಿ ನಿಂತ ಕಡೆಯಿಂದಲೇ ಏನಾಗಿದೆ ಅಂತ ಹೇಳುವ ಕಿವಿ ಅದು. ಒಂದು ದಿನ ರೆಕಾರ್ಡಿಂಗ್ ಕೇಳಿಸಿ, "ಇಲ್ಲಿ ನೋಡಿ ಸಾರ್, ಐಡಲಿಂಗ್ ಸರಿಯಾಗಿದೆ, ಎಂಟಕ್ಕೊಂದು ಸಲ ಮಿಸ್ ಹೊಡೀತಿದೆ" ಅಂದರು. ನಿಜ. ಪ್ರತಿ ಎಂಟನೇ ಪೆಟ್ಟು, ಅಂದರೆ ಎರಡನೇ ಎಡ ಜೋಡಿಯ ಕೊನೆಯದು, ಕೂದಲೆಳೆಯಷ್ಟು ತಡವಾಗುತ್ತಿತ್ತು. ನನಗೆ ಅದು ಎರಡನೇ ಸಲ ಕೇಳಿದಾಗಲೇ ಗೊತ್ತಾದದ್ದು.

ಅವರ ನೋಟ್‌ಬುಕ್ಕಿನ ಲೆಕ್ಕ ಹೀಗಿದೆ. ಪ್ರತಿ ಬೀಟ್‌ಗೆ ನಾಲ್ಕು ಪೆಟ್ಟಿನ ಡಬಲ್, ಎರಡು ನಿಮಿಷ ಕೆಡದೆ ಬಾರಿಸಿದ ವೇಗ ಮಾತ್ರ: ಹದಿನಾಲ್ಕನೇ ವಾರ 72. ಹದಿನೆಂಟನೇ ವಾರ 84. ಇಪ್ಪತ್ನಾಲ್ಕನೇ ವಾರ 94. ನಡುವೆ ಎರಡು ವಾರ ಒಂದಂಕಿಯೂ ಮೇಲೇರಲಿಲ್ಲ. ಆಗ ನಾನು ವೇಗ ಇಳಿಸಿದೆನೇ ಹೊರತು ಸಮಯ ಹೆಚ್ಚಿಸಲಿಲ್ಲ.

ಬ ಎ ಬ ಬ, ಎ ಬ ಎ ಎ

ಪ್ಯಾರಾಡಿಡಲ್ ಹೇಳಿಕೊಟ್ಟದ್ದು ಹದಿನಾರನೇ ವಾರ. ಇಂಗ್ಲಿಷ್ ಪುಸ್ತಕಗಳಲ್ಲಿ ಆರ್, ಎಲ್ ಅಂತ ಬರೆದಿರುತ್ತದೆ. ಅವರು ತಮ್ಮ ನೋಟ್‌ಬುಕ್ಕಿನಲ್ಲಿ ಬಲಕ್ಕೆ ಬ, ಎಡಕ್ಕೆ ಎ ಅಂತ ಬರೆದುಕೊಂಡರು. ಬ ಎ ಬ ಬ, ಎ ಬ ಎ ಎ. ಒಂದೊಂದು ನಾಲ್ಕಕ್ಕೂ ಮುಂದಾಳು ಕೈ ಬದಲಾಗುತ್ತದೆ. ಎಲ್ಲರಿಗೂ ತೊಡಕಾಗುವುದು ಇಲ್ಲೇ. ಮೊದಲ ನಾಲ್ಕು ಆದಮೇಲೆ ಬಲಗೈ ಮತ್ತೆ ತಾನೇ ಮುಂದೆ ನುಗ್ಗುತ್ತದೆ.

ಇದಕ್ಕೆ ನಮ್ಮಲ್ಲೇ ಒಳ್ಳೆಯ ದಾರಿ ಇದೆ. ಬಾಯಲ್ಲಿ ತ ಕ ಧಿ ಮಿ ಹೇಳುತ್ತಾ ಬಾರಿಸಿ, ತ ಬಂದಾಗ ಮಾತ್ರ ಜೋರು. ಮೊದಲ ತ ಬಲಗೈಯಲ್ಲಿ, ಎರಡನೇ ತ ಎಡಗೈಯಲ್ಲಿ ಬೀಳುತ್ತದೆ. ಬಾಯಿ ಕಾಲವನ್ನು ಹಿಡಿದಿಟ್ಟರೆ ಕೈ ತನ್ನ ಸಾಲನ್ನು ನೋಡಿಕೊಳ್ಳುತ್ತದೆ. ಮೃದಂಗದ ಮೊದಲ ಪಾಠ ತ ದಿ ತೋಂ ನಂ ಅನ್ನುವುದನ್ನು ಕೂಡ ಮಕ್ಕಳು ಮೊದಲು ಬಾಯಲ್ಲಿ ಹೇಳಿಯೇ ಬಾರಿಸುವುದು. ಪ್ಯಾರಾಡಿಡಲ್, ಫ್ಲ್ಯಾಮ್ ಅನ್ನುವ ಹೆಸರುಗಳೂ ಸದ್ದಿನಿಂದಲೇ ಬಂದವು. ಪ-ರ-ಡಿ-ಡಲ್ ಅಂದರೆ ನಾಲ್ಕು ಪೆಟ್ಟು. ಹಿಂದೆ ಇಂಗ್ಲಿಷ್ ಮಾತಾಡುವ ದೇಶಗಳಲ್ಲಿ ಡಬಲ್ ಸ್ಟ್ರೋಕನ್ನು ಡ್ಯಾಡಿ-ಮಮ್ಮಿ ಅಂತ ಕರೆಯುತ್ತಿದ್ದರು: ಡ್ಯಾ-ಡಿ ಒಂದು ಕೈಗೆ, ಮ-ಮ್ಮಿ ಇನ್ನೊಂದು ಕೈಗೆ. ಎಲ್ಲ ಕಡೆಯೂ ಡ್ರಮ್ ಮೊದಲು ಬಾಯಿಗೆ ಬಂದು ಆಮೇಲೆ ಕೈಗೆ ಇಳಿದದ್ದು ಅಂತ ನನಗೆ ಅನಿಸುತ್ತದೆ.

ಪ್ಯಾರಾಡಿಡಲ್ 60ರಲ್ಲಿ ನಿಂತ ದಿನ ಅವರನ್ನು ಸೆಟ್ ಮೇಲೆ ಕೂರಿಸಿ, ಬಲಗೈ ಹೈ-ಹ್ಯಾಟ್ (ಕಾಲಿನಿಂದ ಮುಚ್ಚಿ ತೆರೆಯುವ ತಾಳದ ಜೋಡಿ) ಮೇಲೆ, ಎಡಗೈ ಸ್ನೇರ್ ಮೇಲೆ ಇಟ್ಟು ಅದನ್ನೇ ಬಾರಿಸಿ ಅಂದೆ. ನಾನು ಕಾಲಿನ ಡ್ರಮ್ಮನ್ನು ಕೈಯಿಂದ ತಟ್ಟಿ ಜೊತೆ ಕೊಟ್ಟೆ. ಹೈ-ಹ್ಯಾಟ್ ಮತ್ತು ಸ್ನೇರ್ ಮಾತಾಡಿಕೊಂಡ ಹಾಗೆ ಒಂದು ನಡೆ ಹುಟ್ಟಿತು. ಅವರು ನಿಲ್ಲಿಸಲೇ ಇಲ್ಲ. ನಾಲ್ಕು ನಿಮಿಷ ಬಾರಿಸಿದರು. ನಿಲ್ಲಿಸಿದ ಮೇಲೆ, "ಇದು ಆ ಪ್ಯಾಡ್ ಮೇಲಿಂದೇ ಅಲ್ವಾ ಸಾರ್?" ಅಂತ ಕೇಳಿದರು. ರೂಡಿಮೆಂಟ್ ಯಾಕೆ ಅಂತ ಅದಾದಮೇಲೆ ಒಂದು ದಿನವೂ ಕೇಳಿಲ್ಲ.

ಫ್ಲ್ಯಾಮ್, ಇನ್ನೂ ನಡೆಯುತ್ತಿದೆ

ಫ್ಲ್ಯಾಮ್ ಅಂದರೆ ಎರಡು ಕೈ, ಎರಡು ಎತ್ತರ. ಒಂದು ಕೋಲು ಎರಡು ಬೆರಳಿನಷ್ಟು ಮೇಲೆ, ಇನ್ನೊಂದು ಒಂದು ಗೇಣು ಮೇಲೆ. ಎರಡನ್ನೂ ಒಟ್ಟಿಗೆ ಬಿಟ್ಟರೆ ಕೆಳಗಿರುವುದು ಒಂದಿಷ್ಟು ಮುಂಚೆ, ಮೆಲ್ಲಗೆ ಮುಟ್ಟುತ್ತದೆ. ಮೇಲಿನದು ಜೋರಾಗಿ ಬೀಳುತ್ತದೆ. ಎರಡೂ ಒಂದೇ ಸಲ ಬಿದ್ದರೆ ಚಪ್ಪಟೆ ಸದ್ದು ಬರುತ್ತದೆ, ಅದು ಫ್ಲ್ಯಾಮ್ ಅಲ್ಲ.

ಒಂದೇ ಕಡೆ ಬಾರಿಸುವುದು ಸುಲಭ. ಕೈ ಬದಲಿಸುತ್ತಾ ಬಾರಿಸುವಾಗ ಮೆಲ್ಲಗೆ ಮುಟ್ಟಿದ ಕೋಲು ತಕ್ಷಣ ಮೇಲೇರಬೇಕು, ಜೋರಾಗಿ ಬಿದ್ದದ್ದು ಪುಟಿಯದೆ ಕೆಳಗೇ ನಿಲ್ಲಬೇಕು. ಇಷ್ಟು ದಿನ ಬಿಡಿ, ಬಿಡಿ ಅಂತ ಹೇಳಿದ ನಾನೇ ಈಗ ಒಂದು ಕ್ಷಣ ಹಿಡಿಯಿರಿ ಅನ್ನಬೇಕು. ಹಿಡಿಯುವುದು ಅಂದ ತಕ್ಷಣ ಅವರ ಎಡಗೈಗೆ ಹಳೆಯ ಪಾಠ ನೆನಪಾಗುತ್ತದೆ. ಮುಷ್ಟಿ ಕಟ್ಟುತ್ತದೆ. ಬಲಗೈ ಜೋರಾಗಿ ಬೀಳುವ ಫ್ಲ್ಯಾಮ್ ಚೆನ್ನಾಗಿದೆ. ಎಡಗೈ ಜೋರಾಗಿ ಬೀಳುವುದು ಹತ್ತರಲ್ಲಿ ನಾಲ್ಕು ಸಲ ಚಪ್ಪಟೆ.

ಪ್ಯಾಡ್ ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣ ನಿಲ್ಲಿಸಿ, ಎಡಗೋಲು ಬಿದ್ದಮೇಲೆ ಅದರ ತಲೆಗಿಂತ ಮೇಲೆ ಏಳಬಾರದು ಅಂತ ಹೇಳಿದ್ದೇನೆ. ಹಿಡಿಯುವ ಕೆಲಸವನ್ನು ಮುಷ್ಟಿಗೆ ಕೊಡದೆ ಹಿಂದಿನ ಬೆರಳುಗಳು ಒಂದು ಕ್ಷಣ ಮಾತ್ರ ಕೋಲನ್ನು ಅಂಗೈಗೆ ಒತ್ತಿ ಬಿಟ್ಟುಬಿಡಬೇಕು. ಎರಡು ವಾರದಿಂದ ಅದೇ ನಡೆದಿದೆ.

ಹಳೇ ಸೀಟು ಈಗ ಗ್ಯಾರೇಜಿನ ಬಾಗಿಲ ಪಕ್ಕದಲ್ಲಿ ಎರಡು ಇಟ್ಟಿಗೆ ಮೇಲಿದೆ, ಕಾಯುವ ಗಿರಾಕಿಗಳು ಕೂರುತ್ತಾರೆ. ಮಡ್‌ಫ್ಲಾಪ್ ಪ್ಯಾಡ್ ಟೂಲ್‌ಬಾಕ್ಸ್ ಮೇಲೆ ಇರುತ್ತದೆ. ಹೋದ ಭಾನುವಾರ ಅವರ ನೋಟ್‌ಬುಕ್ಕಿನ ಕೊನೆಯ ಸಾಲು ನೋಡಿದೆ: "ಫ್ಲ್ಯಾಮ್. ಬಲ 78. ಎಡ 62. ಗ್ಯಾಪ್ ನೋಡ್ಕೋ." ಮುಂದಿನ ಪಾಠ ಆ 62ರಿಂದಲೇ ಶುರು.